ಉಸಿರಿಗೊಂದು ಜಾಗಾ

ಸೋಲಾಪುರದ ಅಶೋಕ ಚೌಕದ ಹಿಂದ, ಬ್ಯಾಂಡಿನ ಖೋಲಿಯೊಳಗ
ಗೂಟಕ್ಕ ನೇತಾಡೂ ಕೆಂಪು ಕೋಟುಗಳ ಕೆಳಗ ಕುಂತು
ನನ್ನ ಮೊದಲನೇ ಹಾಡು ಹಾಡಿದೆ.
ದಸ್ತಗೀರ ಮಾಸ್ತರು ಏನೂ ಅನಲಿಲ್ಲ.
ಕ್ಲಾರಿನೆಟ್ಟಿನ ಪತ್ತಿ ನಾಲಿಗಿ ಮ್ಯಾಲ ತೋಯಿಸಿ
ಅದಽ ಧಾಟಿ ಊದಿದರು. ಮೂರನೇ ಸಾಲಿಗೆ ಕೆಮ್ಮು ಬಂತು.
‘ಮಾತು ಭಾಳ ಛಂದ ಅದಾವವಾ.
ಉಸಿರು ಎಲ್ಲಿ ಇಟ್ಟೀದಿ?’

ಆ ರಾತ್ರಿ ವಹಿ ತುಂಬ ಹೊಡದು ಹಾಕಿದೆ.

ನಮ್ಮ ಓಣ್ಯಾಗ ಬೀಡಿ ಕಟ್ಟೂ ತೆಲುಗು ಹೆಂಗಸರು
ಎಲಿ ಕತ್ತರಿಸುವಾಗ ಗುನುಗತಾರ,
ದಾರ ಸುತ್ತುವಾಗ ತುಟಿ ಮುಚ್ಚತಾರ.
ಎಂಟು ದಿನ ಅಲ್ಲೇ ಕುಂತೆ, ತಂಬಾಕಿನ ಘಾಟಿಗೆ ಸೀನಕೋತ.
ಅವರು ಸುಮ್ಮನಾದಲ್ಲೆಲ್ಲ ನನ್ನ ಸಾಲು ಮುರದೆ.

‘ಬೆಳಗು ಹರೀತು’ ಅಂತ ಬರದಿದ್ದೆ.
ನರಸವ್ವಕ್ಕಗ ಕನ್ನಡ ಅರ್ಧಾನಽ ಬರತದ;
ಹರಿಯೂದಂದ್ರ ಆಕಿಗೆ ಅರಿವಿ ಹರಿಯೂದು.
‘ಸೀರಿ ಹರೀತು’ ಅಂತ ಎತ್ತಿದಳು,
ಬಾಜೂಕಿನಾಕಿ ‘ಬೆಳಗಿನ ದಾರ ತಗೋ’ ಅಂತ ಕೂಡಿಸಿದಳು,
ನಕ್ಕರು.
ನನಗ ಸಿಟ್ಟು ಬಂತು. ಹಾಡು ನಂದು.

ಐತವಾರ ಮತ್ತ ಖೋಲಿಗೆ ಹೋದೆ.
ಲಗ್ನಸರಾಯಿ ಮುಗದಿತ್ತು. ಢೋಲಿನವರು, ತಾಶೆಯವರು
ಚಹಾ ಕುಡಕೋತ ಗ್ವಾಡಿಗೆ ಒರಗಿದ್ರು.
ಆ ಸಾಲು ಬಂದಾಗ ಬಾಯಿ ತಾನಾಗೇ
ಸೀರಿ ಅಂತು. ದಾರಾನೂ ಅಂತು.
ಮಾಸ್ತರು ಕ್ಲಾರಿನೆಟ್ ತೊಡಿ ಮ್ಯಾಲ ಇಟ್ಟರು.
‘ಯಾರ ಮಾತಿದು?’
ಇಬ್ಬರ ಹೆಸರೂ ಹೇಳಿದೆ.
‘ಹೌದಲಾ,’ ಅಂದು ಪತ್ತಿ ಮತ್ತ ತೋಯಿಸಿದರು;
ಢೋಲಿನ ಮಾರುತ್ಯಾ ಕಪ್ಪು ಕೆಳಗಿಟ್ಟ.