ಇದೋ, ಅದೋ

ಹತ್ತೊಂಬತ್ತು ವರ್ಷದಿಂದ ಗ್ರಿಮ್ಸ್‌ಬಿಯ ಈ ಕತ್ತಲೆ ಕೋಣೆಯಲ್ಲಿ
ಜನರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ,
ಗಾಜು ಹಾಕಿ, ಗಾಜು ತೆಗೆದು ಕೇಳುತ್ತ ಬಂದಿದ್ದೇನೆ:
ಯಾವುದು ನಿಚ್ಚಳ? ಇದೋ, ಅದೋ?
ತಪ್ಪು ಹೇಳಿಬಿಟ್ಟೇವೆಂದು ಎಲ್ಲರಿಗೂ ಅಳುಕು,
ಮೂವತ್ತು ವರ್ಷ ಕಡಲಲ್ಲಿ ಬಲೆ ಎಳೆದವರಿಗೂ.
ಇದರಲ್ಲಿ ತಪ್ಪು ಉತ್ತರ ಇಲ್ಲ ಅನ್ನುತ್ತೇನೆ.
ಸುಳ್ಳು. ಇದೆ.

ಇವತ್ತು ಅಂಗಡಿ ಬಾಗಿಲು ಹಾಕಿದ ಮೇಲೆ
ಆ ಕುರ್ಚಿಯಲ್ಲಿ ಕೂತವಳು ನಾನು.
ರೀಸ್, ಶನಿವಾರಕ್ಕೆ ಮಾತ್ರ ಬಂದು ಗಾಜು ಒರೆಸುವ ಹುಡುಗ,
ನನ್ನ ಪುಸ್ತಕಕ್ಕೊಂದು ವೆಬ್‌ಸೈಟ್ ಕಟ್ಟಿ ತಂದಿದ್ದಾನೆ.
ಒಂಬತ್ತು ಕತೆ, ನೂರಾ ಹನ್ನೆರಡು ಪುಟ,
ಐವತ್ತೇಳನೆಯ ವಯಸ್ಸಿನ ಚೊಚ್ಚಲ ಹೆರಿಗೆ.
ಅವನು ಕಟ್ಟಿದ್ದು ಏಳು ಕೋಣೆಯ ಮನೆ:
ಸುದ್ದಿ, ಚಿತ್ರಶಾಲೆ, ಪ್ರಶಸ್ತಿಗಳು.
ಪ್ರಶಸ್ತಿ ಒತ್ತಿದರೆ ಬಿಳಿ ಗೋಡೆ.
ನೆತ್ತಿಯ ಮೇಲೆ ಅಲೆ ಬೇರೆ, ಏಳುತ್ತ ಬೀಳುತ್ತ.
ನಿಲ್ಲಿಸೋ ಮಾರಾಯ, ವಾಕರಿಕೆ ಬರುತ್ತೆ ಅಂದೆ.

ಇದೋ, ಅದೋ? ಈಗ ಕೇಳುವವನು ಅವನು.
ಅಲೆ ಹೋಯಿತು. ಪ್ರಶಸ್ತಿ ಹೋಯಿತು.
ಸುದ್ದಿಯೂ ಹೋಯಿತು; ವರ್ಷಕ್ಕೊಂದು ಸುದ್ದಿಯ ಬಾಳಿಗೆ
ದಿನಾ ಅಂಗಳ ಗುಡಿಸುವವರು ಯಾರು?
ನನ್ನ ಬಗ್ಗೆ ಮೂರು ಪ್ಯಾರಾ ಇತ್ತು,
"ಬಾಲ್ಯದಿಂದಲೇ ಅಕ್ಷರದ ಹಸಿವು" ಅಂತ
ನಾನೇ ಬರೆದುಕೊಟ್ಟದ್ದು. ಓದಿದೆ. ಕಿವಿ ಬಿಸಿಯಾಯಿತು.
ಹಸಿವೂ ಇರಲಿಲ್ಲ, ಎಂಥದೂ ಇರಲಿಲ್ಲ.
ನಲವತ್ತೊಂಬತ್ತಕ್ಕೆ ನಿದ್ದೆ ಬಿಟ್ಟುಹೋಯಿತು, ಬರೆಯತೊಡಗಿದೆ.
ಇಷ್ಟನ್ನೇ ಹಾಕು ಅಂದೆ. ಹಾಕಿದ.

ತೆಗೆಯುವ ರುಚಿ ಹತ್ತಿದರೆ ಕೈ ನಿಲ್ಲುವುದಿಲ್ಲ.
ಬೆಲೆ ತೆಗೆಸಿದೆ, ಮುಖಪುಟ ತೆಗೆಸಿದೆ,
ಕೊನೆಗೆ ಬಿಳಿಯ ನಡುವೆ ನನ್ನ ಹೆಸರೊಂದೇ.
ರೀಸ್ ಕತ್ತು ಓರೆಮಾಡಿ ನೋಡಿ,
"ಕೆಳಗೆ ಎರಡು ಇಸವಿ ಕೆತ್ತಿಬಿಟ್ಟರೆ
ನಮ್ಮಜ್ಜನ ಗೋರಿಕಲ್ಲೇ ಇದು" ಅಂದ.
ಹೌದಲ್ಲ. ಊಟಕ್ಕೆ ಕರೆದು, ಎಲೆ ಹಾಸಿ,
ಉಪ್ಪನ್ನೂ ಬಡಿಸದೆ ನಿಂತಿದ್ದೆ.
ಮುಖಪುಟ ಬಂತು. ಬೆಲೆಯೂ ಬಂತು ಹಿಂದೆಯೇ.

ಆ ಹೆಸರಾದರೂ ನೆಟ್ಟಗಿತ್ತೇ?
ಒತ್ತಕ್ಷರ ಅವನ ಯಂತ್ರಕ್ಕೆ ಅರಗದೆ
ಇಂದ್‌ರಾಕ್‌ಷಿ ಎಂದು ಕೀಲು ಕಳಚಿ ಬಿದ್ದಿತ್ತು.
ಇಂಗ್ಲಿಷಿನಲ್ಲೇ ಸಾಕು ಬಿಡು ಅನ್ನಬಹುದಿತ್ತು, ಅದು ಸರಳ.
ಅನ್ನಲಿಲ್ಲ.
ಮುಕ್ಕಾಲು ಗಂಟೆ ತಡಕಾಡಿ ಬೇರೆ ಅಚ್ಚು ತಂದ.
ಕೂಡಿಕೊಂಡಿತು: ಇಂದ್ರಾಕ್ಷಿ.
ದ-ಕಾರಕ್ಕೆ ತೂಗಿಬಿದ್ದ ರ-ಒತ್ತನ್ನು ಬೆರಳಲ್ಲಿ ಮುಟ್ಟಿ
"ಗಾಳ!" ಅಂದ, ಮೀನಿನೂರಿನ ಹುಡುಗ.

ಅಷ್ಟರಲ್ಲಿ ಗಾಜು ಬಡಿದವರು ಮಿಸ್ಟರ್ ಹಾರ್ಡಿಸ್ಟಿ,
ಕನ್ನಡಕದ ಡಬ್ಬಿ ಮರೆತು ಹೋದವರು.
ಎಡಗಣ್ಣಿಗೆ ಪೊರೆ, ಫೋನಿನ ಮುಖದ ತುಂಬ ಬಿರುಕು,
ಇವರಿಗಿಂತ ಪರೀಕ್ಷಕರು ಬೇಕೇ?
ಮೇಲೆ ಕೆಳಗೆ ಉಜ್ಜಿದರು, ಮತ್ತೆ ಮೇಲೆ.
"ಒಂದಕ್ಷರವೂ ಓದೋಕಾಗಲಿಲ್ಲ ಅಂತ
ನಿನಗೆ ದೂರು ಬರೆಯಬೇಕು, ಎಲ್ಲಿಗೆ?"
ನಾನೂ ರೀಸೂ ಮುಖ ಮುಖ ನೋಡಿಕೊಂಡೆವು.
ವಿಳಾಸವೇ ಇರಲಿಲ್ಲ, ಅಲೆಯಿದ್ದಾಗಲೂ.

ಫೋಟೋ ಬೇಕೋ ಬೇಡವೋ ಇನ್ನೂ ಬಗೆಹರಿದಿಲ್ಲ.
ಗೋಡೆಯ ಅಕ್ಷರಪಟ್ಟಿಯಲ್ಲಿ,
ಯಾರನ್ನೂ ಓದಿ ಅನ್ನದ ಸಾಲಿಗಿಂತ ಕೆಳಗೆ,
ಅಚ್ಚು ಹಾಕಿದವನ ಹೆಸರಿದೆ, ಇರುವೆಯ ಕಾಲಿನಷ್ಟು.
ಅಷ್ಟೇ ಗಾತ್ರದಲ್ಲಿ ರೀಸ್‌ನ ಹೆಸರು ಹಾಕಿಸಿದೆ.
ಕಾಣುತ್ತಾ? ಅಂದ.
ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದೆ.
ಹೂಂ ಅಂದೆ.