ವಹಿಯ ಮೊದಲ ಸಾಲು

ಮೊದಲ ಸಭೆ ಹೆಸರಿನ್ಯಾಗ ಮುಗೀತು.
ನಾವು ವಡಗಾವಿಯವರು ಹಳ್ಳ ಅಂದಿವಿ,
ಯಳ್ಳೂರಿನವರು ನಾಲಾ ಅಂದರು,
ಜುಲೇಖಾಬಿ ಬಾಗವಾನ ಪದರು ಮೂಗಿಗೆ ಹಿಡಿದು,
"ಗಟಾರ್ ಹೈ ಬಾಬಾ, ಗಟಾರ್."
ನಾನು ವಹಿ ತೆರೆದು ಕುಂತಿದ್ದೆ,
ಮೊದಲ ಸಾಲಿಗೆ ಏನು ಬರೀಲಿ ತಿಳೀದ.
ಗ್ವಾಡಿ ಆಚೆ ಅದು
ಕರ್ರಗ ಹರೀತಿತ್ತು, ಯಾರ ಮಾತಿಗೂ ಓ ಅನ್ನದ.

(ನಾನು ಕಂಡಿಕಿ ಸುತ್ತಾಕಿ. ಅಕ್ಷರ ದುಂಡಗ ಅದಾವಂತ
ಈ ಕೆಲಸ ನನಗ ಹಚ್ಚಿದರು.)

ಹಿಂದಿನ ಆಷಾಢಕ್ಕ ನೀರು ಎಷ್ಟು ಬಂದಿತ್ತು?
"ಮಗ್ಗದ ಕುಣಿ ತುಂಬಿ, ಹಲಗಿ ಮ್ಯಾಲೆ ನಾಕು ಬೆರಳು,"
ಲೋಹಿತ ಸೊಂಟಕ್ಕಿ.
"ಬತ್ತದ ತುದಿ ಕಾಣಲಿಲ್ಲ, ಹನ್ನೊಂದು ದಿನ,"
ಭರಮಾ ಕುಗಜಿ, ಅರ್ಧ ಮರಾಠಿಯೊಳಗ.
ಜುಲೇಖಾಬಿ ನಿರಿಗಿ ಮುಟ್ಟಿ ತೋರಿಸಿದಳು.
ಕ್ಯಾಂಪಿನ ಎಫಿಬಾಯಿ ಮಾತ್ರ ಡೈರಿ ಬಿಚ್ಚಿದಳು:
ಇಪ್ಪತ್ಮೂರು ವರ್ಷ, ಮಾಳಿಗಿ ಮ್ಯಾಲೊಂದು ಗಾಜಿನ ಕೊಳವಿ,
ದಿನಾ ಮುಂಜಾನೆ ಮಿಲಿಮೀಟರ್.
"ಮಳಿ ಹೆಚ್ಚಾಗಿಲ್ಲ. ಮಳಿ ದಿನ ಕಡಿಮಿ ಆಗ್ಯಾವು.
ತಿಂಗಳದ್ದು ಒಂದ ರಾತ್ರಿಗೆ ಸುರೀತದ."

ಬಾಗಿಲಿನ ಹಂತೇಕ ನಿಂತಿದ್ದ ಲಗಮವ್ವ ಕೆಮ್ಮಿದಳು.
"ಪೂಲಿನ ಬುಡಕ ಕಸ ಸಿಕ್ಕರ
ಇತ್ತ ನಿಮ್ಮ ಕುಣಿ, ಅತ್ತ ಅವರ ಗದ್ದಿ.
ಎರಡು ತಾಸು ಮೊದಲ ನನಗ ಗೊತ್ತಾಗತದ.
ಅದರಾಗ ನಿಂತಾಕಿ ನಾನ ಅಲ್ಲ?
ಯಾರೂ ಕೇಳಿಲ್ಲ."
ಷೆಡ್ಡಿನ್ಯಾಗ ಹದಿನಾಕು ಖುರ್ಚಿ ಇದ್ದವು.
ಆಕಿಗೊಂದು ಇರಲಿಲ್ಲ, ಇದು ಆವಾಗ ಕಂಡಿದ್ದು.

ಆಮ್ಯಾಲಿನ ಮಾತು ಚೊಲೊ ಇರಲಿಲ್ಲ.
ಯಾರ ಸಂತಿಯ ಕೊಳೆತ ಕೋಸು, ಯಾರ ಬಣ್ಣದ ನೀರು,
ಯಾರು ಒಡ್ಡು ಹಾಕಿ ದಂಡಿ ನುಂಗಿದರು.
ಸೊಂಟಕ್ಕಿಯ ಹಿಂದಿನ ಗ್ವಾಡಿ ನಿಂತದ್ದೂ
ಹಳ್ಳದ ಜಾಗಾದಾಗ.
ಎಲ್ಲಾ ಬರದೆ. ಅಳಿಸು ಅಂದರು.
ಅಳಿಸಲಿಲ್ಲ.

ನೇಕಾರರ ಓಣಿಯಾಕಿ ನಾನು,
ಹಾಸು ಹೊಕ್ಕು ಅಂತ ಉಪಮೆ ಕೊಡಬಹುದಿತ್ತು.
ಕೊಡಂಗಿಲ್ಲ. ನೂಲು ಜಗಳಾಡೂದಿಲ್ಲ.

ಕಡೀಕ ಒಂದು ಹಳೇ ಮಗ್ಗದ ತೊಲಿ ತಂದು
ಪೂಲಿನ ಬಾಜು ನಟ್ಟಿವಿ.
ಎಫಿಬಾಯಿ ಅಂಕಿ ಹಾಕಿದಳು.
ಅದರ ಬಾಜು ನಮ್ಮ ನಮ್ಮ ಗುರ್ತು:
ನಿರಿಗಿ, ಕುಣಿ, ಬತ್ತ.
ಭರಮಾ ದೇವನಾಗರಿಯೊಳಗ ಬರದ,
ಜುಲೇಖಾಬಿ ಕೆಂಪು ಬಣ್ಣದಾಗ ಹೆಬ್ಬೆರಳು ಅದ್ದಿ ಒತ್ತಿದಳು.

ಪುನರ್ವಸು ಮಳಿ. ರಾತ್ರಿ ಎರಡು ಗಂಟೆ. ಫೋನು.
"ನಿರಿಗಿ ದಾಟೇತಿ. ಏಳ್ರಿ."
ಲಗಮವ್ವನ ಒಂದ ಸಾಲು ಓಣಿ ತುಂಬ ದೀಪ ಹಚ್ಚಿತು.
ಭರಮಾನ ಟ್ರಾಕ್ಟರು ಕೆಸರು ಸಿಡಿಸಿಕೋತ ಬಂತು,
ನೂಲಿನ ಮೂಟಿ, ಮುದುಕಿಯರು, ಒಂದು ಆಡು
ಎಲ್ಲಾ ಅದರಾಗ.
ತಿರುಗಿ ಆತನ ಒಡ್ಡು ಒಡಿಯಾಕ
ನಮ್ಮ ಹುಡುಗರು ಗುದ್ದಲಿ ಹಿಡಿದು ಓಡಿದರು.

ನೂಲು ಉಳೀತು. ಬತ್ತ ಉಳೀಲಿಲ್ಲ.
ಹತ್ತನೇ ದಿನ ಸೊಂಟಕ್ಕಿ, ಯಾರೂ ಹೇಳದ,
ತನ್ನ ಹಿಂದಿನ ಗ್ವಾಡಿಯ ಮೊದಲ ಇಟಗಿ ಕಿತ್ತ.
ಹೆಂಡತಿ ಎರಡು ದಿನ ಮಾತಾಡಲಿಲ್ಲ.

ವಹಿಯ ಮೊದಲ ಸಾಲು ಇನ್ನೂ ಖಾಲಿ.
"ಹೆಸರು ಏನು ಬರೀಲಿ?" ಲಗಮವ್ವನ್ನ ಕೇಳಿದೆ.
ಖುರ್ಚಿ ಮ್ಯಾಲೆ ಕಾಲು ಮಡಚಿ ಕುಂತಾಕಿ ಅಂದಳು:
"ಬಿಡವಾ ಅಷ್ಟು.
ನೀರು ಹೋಗಾಕ ಜಾಗಾ ಬೇಕಲ್ಲ."