ಅಳತೆ ಚೀಟಿ

ಎದೆ ಮೂವತ್ತಾರು, ತೋಳು ಒಂಬತ್ತು, ಗುರುವಾರ ಬೇಕು.
ಯಾರದೋ ರವಿಕೆಯ ಆ ಚೀಟಿಯಲ್ಲೇ
ಹದಿನಾಲ್ಕು ಬೀಜ ಮಡಚಿ
ಸದಾಶಿವಗಡದ ಬಸ್ಸಿನ ಕಿಟಕಿಯಲ್ಲಿ
ನತಾಲಿನಾಳ ಕೈಗಿಟ್ಟಿದ್ದೆ.
ಬದಲಿಗೆ ಅವಳು ಕೊಟ್ಟದ್ದು ಒಂದು ಚಿಟಿಕೆ ಕೆಂಪು ಹರಿವೆ;
ನಾನು ಸೀನಿದ್ದಕ್ಕೆ ಅರ್ಧ ರಸ್ತೆಗೇ ಹೋಯಿತು.

ಅರ್ಗಾದ ಟೊಮೆಟೊ ಅದು.
ಊರು ಬಿಡುವ ದಿನ ಬಾಗಿಲು, ಹಂಚು, ಒನಕೆ ಎಲ್ಲ ಲಾರಿಗೇರಿದ ಮೇಲೆ
ಆಯಿ ಒಂದು ಹಣ್ಣು ಹಿಚುಕಿ
ಸೆರಗಿಗೆ ಒರೆಸಿಕೊಂಡಳು.
ಆ ಹಿತ್ತಿಲು ಈಗ ನೌಕಾನೆಲೆಯ ಗೋಡೆಯಾಚೆ.
ಏಣೇಣು ಮೈ, ಎಂಥ ಹುಳಿಯೆಂದರೆ
ಬಂಗಡೆ ಸಾರಿಗೆ ಬೇರೆ ಹುಳಿ ಬೇಡ.

ಹೋದ ವರ್ಷ ಲೋಟದಲ್ಲಿ ಕೊಳೆಯಲಿಟ್ಟ ತಿರುಳನ್ನು
ನಾದಿನಿ ಮೋರಿಗೆ ಸುರಿದಳು.
ಅವಳ ತಪ್ಪಲ್ಲ. ಮೂರು ದಿನದ್ದು ನಾರುತ್ತದೆ.
ನನ್ನಲ್ಲಿ ಬೇರೆ ಇರಲಿಲ್ಲ.

ಚಿತ್ತಾಕುಲಕ್ಕೆ ಹೋದೆ.
ಗಿಡದಲ್ಲೇ ಒಂದು ಕಿತ್ತು ಕಚ್ಚಿದೆ:
ಚಿಕ್ಕದು, ಸಿಪ್ಪೆ ದಪ್ಪ, ನಾಲಿಗೆಯ ತುದಿಗೆ ಉಪ್ಪು.
‘ಇದು ನಮ್ಮದಲ್ಲ’ ಅಂದೆ.
‘ನನ್ನ ಬಾವಿ ಸವಳು, ಮಾರಾಯ್ತಿ.
ಏಳು ವರ್ಷ ಅದನ್ನೇ ಕುಡಿದಿದೆ.
ಅರ್ಗಾದ್ದು ಹೇಗಿತ್ತು, ನೆನಪುಂಟಾ ನಿಂಗೆ?’

ನನಗಾಗ ಆರು ವರ್ಷ.

ಒಳಗಿಂದ ಅದೇ ಚೀಟಿ ತಂದಳು, ಮಡಿಕೆ ಹರಿದಿತ್ತು.
ಬಸ್ಸಿನಲ್ಲಿ ಬಿಚ್ಚಿ ಎಣಿಸಿದೆ: ಇಪ್ಪತ್ತೆರಡು.
ನಾನೂ ಹೊಲಿಗೆಯ ಒಳಗೆ ಒಂದಿಂಚು ಬಟ್ಟೆ ಬಿಟ್ಟಿರುತ್ತೇನೆ,
ಮೈ ಬದಲಾದರೆ ಬಿಚ್ಚಲಿಕ್ಕೆ.

ಗುರುವಾರ ಬೇಕೆಂದವಳು ಯಾರೋ,
ಸೇತುವೆ ಮುಗಿಯುವವರೆಗೂ ನೆನಪಾಗಲಿಲ್ಲ.